ಡಯಾನ್ ಫಾಸಿ: ಮಂಜಿನ ಬೆಟ್ಟದ ಒಂಟಿ ಹೆಂಗಸು

ಈ ಸಲದ ಇ-ಸಂಚಿಕೆಗೆ ಒಬ್ಬ ಸಾಧಕಿಯ ಬಗ್ಗೆ ಬರೆದುಕೊಡಬೇಕೆಂದು ನಮ್ಮ ಮಹಿಳಾ ವಿಭಾಗದ ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಾನು ಬಾಲ್ಕನಿಯಲ್ಲಿ ಸೊಳ್ಳೆ ಬತ್ತಿ ಹಚ್ಚುತ್ತಿದ್ದೆ. ನಮ್ಮ ಮನೆ ಬೊರಿವಲಿಯಲ್ಲಿ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಡೆಗೆ ಮುಖ ಮಾಡಿದೆ. ಬಾಲ್ಕನಿಯಿಂದ ಕಾಡು ಕಾಣುತ್ತದೆಂದೇ ಮನೆಯವರು ಹೆಚ್ಚು ಹಣ ಕೊಟ್ಟು ಈ ಫ್ಲ್ಯಾಟ್ ಕೊಂಡದ್ದು. ಕಾಡಿನ ಜೊತೆಗೆ ಸೊಳ್ಳೆಯೂ ಬರುತ್ತದೆಂದು ಬಿಲ್ಡರ್ ಹೇಳಿರಲಿಲ್ಲ.

ಬತ್ತಿಯ ಹೊಗೆ ಏಳುತ್ತಿದ್ದಂತೆ ನನಗೆ ನೆನಪಾದವಳು ಡಯಾನ್ ಫಾಸಿ. ಆಫ್ರಿಕಾದ ಗೊರಿಲ್ಲಾಗಳ ಜೊತೆ ಹದಿನೆಂಟು ವರ್ಷ ಬಾಳಿದ ಅಮೆರಿಕದ ಹೆಂಗಸು. ಸೊಳ್ಳೆ ಬತ್ತಿಗೂ ಆಕೆಗೂ ಏನು ಸಂಬಂಧವೆಂದು ಕೇಳಬೇಡಿ, ಮುಂದೆ ಹೇಳುತ್ತೇನೆ. ಇನ್ನೊಂದು ಮಾತು. ಆಕೆಯನ್ನು ನಾನು ಏಕವಚನದಲ್ಲೇ ಬರೆಯುತ್ತಿದ್ದೇನೆ. ಗೌರವ ಕಡಿಮೆಯೆಂದಲ್ಲ. ಮಗಳು ಕಾಲೇಜಿನಲ್ಲಿದ್ದಾಗ ಲೈಬ್ರರಿಯಿಂದ ತಂದಿಟ್ಟಿದ್ದ ಆಕೆಯ ಪುಸ್ತಕವನ್ನು ಮಧ್ಯಾಹ್ನಗಳಲ್ಲಿ ಓದಿದಂದಿನಿಂದ ಆಕೆ ನನಗೆ ಜಗಳಗಂಟಿ ನೆರೆಮನೆಯವಳಂತೆ ಆಗಿಬಿಟ್ಟಿದ್ದಾಳೆ. ಇಷ್ಟವೂ ಹೌದು, ಸಿಟ್ಟೂ ಹೌದು.

ಡಯಾನ್ ಹುಟ್ಟಿದ್ದು 1932ರ ಜನವರಿ 16ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಆಕೆ ಸಣ್ಣವಳಿರುವಾಗಲೇ ಅಪ್ಪ ಅಮ್ಮ ಬೇರೆಯಾದರು. ತಾಯಿ ಮರುಮದುವೆಯಾದಳು. ಮಲತಂದೆ ಅನುಕೂಲಸ್ಥ, ಆದರೆ ಮಗುವನ್ನು ಹಚ್ಚಿಕೊಳ್ಳಲಿಲ್ಲ. ಹತ್ತು ವರ್ಷವಾಗುವವರೆಗೆ ಆ ಹುಡುಗಿ ದೊಡ್ಡವರ ಜೊತೆ ಊಟಕ್ಕೆ ಕೂರುವಂತಿರಲಿಲ್ಲ, ಅಡುಗೆಮನೆಯಲ್ಲಿ ಕೆಲಸದಾಕೆಯ ಜೊತೆ ಉಣ್ಣಬೇಕಿತ್ತು. ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮನೆಯಲ್ಲಿ ಸಾಕಲು ಬಿಟ್ಟದ್ದು ಒಂದು ಬಂಗಾರದ ಮೀನನ್ನು ಮಾತ್ರ, ಅದೂ ಸತ್ತಿತು. ಪಶುವೈದ್ಯೆಯಾಗಬೇಕೆಂದು ಓದಲು ಹೋದಳು. ರಸಾಯನಶಾಸ್ತ್ರ, ಭೌತಶಾಸ್ತ್ರ ಕೈಕೊಟ್ಟವು. ಕೊನೆಗೆ ಕೈಕಾಲು ಊನವಾದವರಿಗೆ ನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿ ಕಲಿತು 1954ರಲ್ಲಿ ಪದವಿ ಪಡೆದಳು. ಕೆಂಟಕಿ ರಾಜ್ಯದ ಲೂಯಿವಿಲ್ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮಾತು ಬಾರದ, ಭಯಗೊಂಡ ಮಕ್ಕಳ ಹತ್ತಿರ ಹೇಗೆ ಹೋಗಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಅಲ್ಲಿ ಕಲಿತಳು. ಮುಂದೆ ಕಾಡಿನಲ್ಲಿ ಉಪಯೋಗಕ್ಕೆ ಬಂದದ್ದು ಯಾವ ಪದವಿಯೂ ಅಲ್ಲ, ಈ ಕಾಯುವಿಕೆ ಎಂದು ನನಗನಿಸುತ್ತದೆ.

1963ರಲ್ಲಿ ಆಕೆಗೆ ಮೂವತ್ತೊಂದು ವರ್ಷ. ಇದ್ದ ಉಳಿತಾಯ ಸಾಲದೆ, ತೀರಿಸಲು ಮೂರು ವರ್ಷ ಬೇಕಾಗುವಷ್ಟು ಬ್ಯಾಂಕ್ ಸಾಲ ಮಾಡಿ ಏಳು ವಾರಗಳ ಆಫ್ರಿಕಾ ಪ್ರವಾಸಕ್ಕೆ ಹೊರಟಳು. ಟಾಂಜಾನಿಯಾದ ಓಲ್ಡುವಾಯ್ ಕಣಿವೆಯಲ್ಲಿ ಲೂಯಿಸ್ ಮತ್ತು ಮೇರಿ ಲೀಕಿ ದಂಪತಿ ಆದಿಮಾನವರ ಪಳೆಯುಳಿಕೆ ಅಗೆಯುತ್ತಿದ್ದರು. ಅವರನ್ನು ನೋಡಲು ಹೋದವಳು ಕಾಲುಜಾರಿ ಗುಂಡಿಗೆ ಬಿದ್ದು ಪಾದದ ಗಂಟು ಮುರಿದುಕೊಂಡಳು. ನೋವಿಗೆ ಹೊಟ್ಟೆ ತೊಳಸಿ, ಆಗಷ್ಟೇ ಸಿಕ್ಕಿದ್ದ ಜಿರಾಫೆಯ ಪಳೆಯುಳಿಕೆಯ ಮೇಲೆಯೇ ವಾಂತಿಯೂ ಆಯಿತು. ಬೇರೆಯವರಾದರೆ ಊರಿಗೆ ವಾಪಸು ಬರುತ್ತಿದ್ದರು. ಈಕೆ ಅದೇ ಕಾಲಿನಲ್ಲಿ ಕಾಂಗೋದ ಬೆಟ್ಟ ಹತ್ತಿ ಮೊದಲ ಸಲ ಗೊರಿಲ್ಲಾಗಳನ್ನು ಕಂಡಳು.

ಮೂರು ವರ್ಷಗಳ ನಂತರ ಲೀಕಿ ಭಾಷಣಕ್ಕೆಂದು ಲೂಯಿವಿಲ್‌ಗೆ ಬಂದಾಗ ಡಯಾನ್ ಪತ್ರಿಕೆಗಳಲ್ಲಿ ಬರೆದಿದ್ದ ತನ್ನ ಪ್ರವಾಸ ಲೇಖನಗಳನ್ನು ಹಿಡಿದು ಹೋದಳು. ಲೀಕಿಗೆ ಆಕೆಯ ನೆನಪಿತ್ತು. ಪಳೆಯುಳಿಕೆಯ ಮೇಲೆ ವಾಂತಿ ಮಾಡಿದವರನ್ನು ಯಾರು ಮರೆಯುತ್ತಾರೆ! ಚಿಂಪಾಂಜಿಗಳ ಅಧ್ಯಯನಕ್ಕೆ ಜೇನ್ ಗುಡಾಲ್‌ಳನ್ನು ಕಳಿಸಿದವರೂ ಇದೇ ಲೀಕಿ. ಇಂಥ ದೀರ್ಘಕಾಲದ ಕೆಲಸಕ್ಕೆ ಗಂಡಸರಿಗಿಂತ ಹೆಂಗಸರಿಗೇ ತಾಳ್ಮೆ ಹೆಚ್ಚೆಂದು ಅವರು ನಂಬಿದ್ದರು. ಕಾಡಿಗೆ ಹೋಗುವ ಮೊದಲು ಅಪೆಂಡಿಕ್ಸ್ ತೆಗೆಸಿಕೊಳ್ಳಬೇಕೆಂದು ಆಕೆಗೆ ಸೂಚಿಸಿದರು. ಡಯಾನ್ ತೆಗೆಸಿಕೊಂಡೇಬಿಟ್ಟಳು. ಮನೆಗೆ ಬಂದು ನೋಡಿದರೆ ಲೀಕಿಯ ಪತ್ರ: ಅದರ ಅಗತ್ಯವಿರಲಿಲ್ಲ, ನಿನ್ನ ಹಟ ಎಷ್ಟಿದೆಯೆಂದು ನೋಡಲು ಹಾಗೆ ಹೇಳಿದ್ದೆ ಎಂಬ ಅರ್ಥದ್ದು. ನನಗೆ ಇದು ತಮಾಷೆ ಎನಿಸುವುದಿಲ್ಲ. ಆದರೆ ಹಟದ ವಿಷಯದಲ್ಲಿ ಲೀಕಿಯ ಲೆಕ್ಕ ತಪ್ಪಲಿಲ್ಲ.

ಈಗ ಆ ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ರುವಾಂಡಾ, ಉಗಾಂಡಾ, ಕಾಂಗೋ ಮೂರು ದೇಶಗಳ ಗಡಿ ಕೂಡುವಲ್ಲಿ ವಿರುಂಗಾ ಎಂಬ ಜ್ವಾಲಾಮುಖಿ ಬೆಟ್ಟಗಳ ಸಾಲಿದೆ. ಬೆಟ್ಟದ ಗೊರಿಲ್ಲಾಗಳು ಪ್ರಪಂಚದಲ್ಲಿ ಇರುವುದು ಇಲ್ಲಿ, ಹಾಗೂ ಉಗಾಂಡಾದ ಬ್ವಿಂಡಿ ಕಾಡಿನಲ್ಲಿ, ಅಷ್ಟೇ. 1921ರಲ್ಲಿ ಕಾರ್ಲ್ ಏಕ್ಲಿ ಎಂಬ ಅಮೆರಿಕನ್ ನ್ಯೂಯಾರ್ಕಿನ ಮ್ಯೂಸಿಯಮ್ಮಿಗಾಗಿ ಗೊರಿಲ್ಲಾಗಳನ್ನು ಬೇಟೆಯಾಡಲು ಅಲ್ಲಿಗೆ ಹೋದ. ಕೊಂದ ಮೇಲೆ ಮನಸ್ಸು ಕೆಟ್ಟಿತು. ಇವನ್ನು ಉಳಿಸಬೇಕೆಂದು ಬೆಲ್ಜಿಯಂ ದೊರೆಯ ಹಿಂದೆ ಬಿದ್ದ. ಆಗ ಅದು ಬೆಲ್ಜಿಯಂ ಆಡಳಿತದ ನಾಡು. 1925ರಲ್ಲಿ ಆಫ್ರಿಕಾದ ಮೊದಲ ರಾಷ್ಟ್ರೀಯ ಉದ್ಯಾನ ಅಲ್ಲಿ ಹುಟ್ಟಿತು. ಮರುವರ್ಷ ಏಕ್ಲಿ ಅದೇ ಬೆಟ್ಟದ ಕಬಾರಾ ಎಂಬ ಹುಲ್ಲುಗಾವಲಿನಲ್ಲಿ ಜ್ವರ ಬಂದು ತೀರಿಕೊಂಡ, ಅಲ್ಲೇ ಮಣ್ಣಾದ. 1967ರ ಜನವರಿಯಲ್ಲಿ ಡಯಾನ್ ತನ್ನ ಮೊದಲ ಗುಡಾರ ಹಾಕಿದ್ದು ಆ ಸಮಾಧಿಯ ಹತ್ತಿರದಲ್ಲೇ.

ಆರು ತಿಂಗಳೂ ಅಲ್ಲಿ ನಿಲ್ಲಲಾಗಲಿಲ್ಲ. ಕಾಂಗೋದಲ್ಲಿ ದಂಗೆಯೆದ್ದು, ಜುಲೈನಲ್ಲಿ ಸೈನಿಕರು ಬೆಟ್ಟ ಹತ್ತಿ ಬಂದು ಆಕೆಯನ್ನು ಕೆಳಗಿಳಿಸಿ ಕಾವಲಿನಲ್ಲಿಟ್ಟರು. ಗಾಡಿಯ ನೋಂದಣಿಗೆ ಬೇಕಾದ ಹಣ ಉಗಾಂಡಾದಲ್ಲಿದೆಯೆಂದು ಸೈನಿಕರನ್ನು ನಂಬಿಸಿ, ಗಡಿ ದಾಟಿ, ಅಲ್ಲಿನ ಪರಿಚಯದ ಹೋಟೆಲಿಗೆ ನುಗ್ಗಿ ಪಾರಾದಳು. ಊರಿಗೆ ಹೋಗಿಬಿಡು ಎಂದು ಹೇಳಿದವರಿಗೆ ಕಿವಿಗೊಡಲಿಲ್ಲ. ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿಗೆ, ರುವಾಂಡಾಕ್ಕೆ ಹೋದಳು. 1967ರ ಸೆಪ್ಟೆಂಬರ್ 24ರಂದು ಕರಿಸಿಂಬಿ ಮತ್ತು ವಿಸೋಕೆ ಎಂಬ ಎರಡು ಶಿಖರಗಳ ನಡುವೆ, ಸುಮಾರು 3000 ಮೀಟರ್ ಎತ್ತರದಲ್ಲಿ ಗುಡಾರ ಹಾಕಿ, ಎರಡೂ ಹೆಸರು ಸೇರಿಸಿ ಕರಿಸೋಕೆ ಎಂದು ಕರೆದಳು. ಎತ್ತರ ಕಂಡರೆ ಹೆದರುವವಳು, ಸಿಗರೇಟು ಸೇದಿ ಶ್ವಾಸಕೋಶ ಹಾಳು ಮಾಡಿಕೊಂಡವಳು ಅಲ್ಲಿ ಹೇಗೆ ಬದುಕಿದಳೋ. ದಿನವಿಡೀ ಮಂಜು, ಮಳೆ, ಕೆಸರು, ಎದೆಯೆತ್ತರದ ತುರಿಕೆ ಗಿಡ. ಸ್ಥಳೀಯರು ಆಕೆಗಿಟ್ಟ ಹೆಸರು ನ್ಯಿರಮಚಬೆಲ್ಲಿ. ಕಾಡಿನಲ್ಲಿ ಒಬ್ಬಳೇ ಇರುವ ಮುದುಕಿ ಎಂದು ಅದರ ಅರ್ಥ. ಮುದುಕಿಯಾಗುವ ವಯಸ್ಸೇನೂ ಆಗಿರಲಿಲ್ಲ, ಆದರೆ ಗಂಡನಿಲ್ಲದೆ ಕಾಡಿನಲ್ಲಿ ಇರುವವಳಿಗೆ ಎಲ್ಲ ಊರಿನಲ್ಲೂ ಇಂಥದೇ ಹೆಸರು ಸಿಗುತ್ತದೇನೋ.

ಗೊರಿಲ್ಲಾಗಳ ಹತ್ತಿರ ಹೋಗಲು ಆಕೆ ಕಂಡುಕೊಂಡ ದಾರಿ ಸರಳವಾದದ್ದು. ಎದ್ದು ನಿಂತು ಹೋದರೆ ಅವು ಹೆದರುತ್ತವೆ, ಆದ್ದರಿಂದ ಬೆರಳ ಗೆಣ್ಣೂರಿ ತೆವಳಿದಳು. ಅವು ತಿನ್ನುವ ಕಾಡುಸೊಪ್ಪಿನ ದಂಟನ್ನು ತಾನೂ ಅಗಿದಳು. ಹೊಟ್ಟೆ ತುಂಬಿದಾಗ ಅವು ತೇಗಿನಂತೆ ಮಾಡುವ ಸದ್ದನ್ನು ಕಲಿತು ತಾನೂ ತೇಗಿದಳು. ಪ್ರತಿ ಗೊರಿಲ್ಲಾದ ಮೂಗಿನ ಮೇಲಿನ ಗೆರೆಗಳೂ ಬೇರೆ ಬೇರೆ, ನಮ್ಮ ಹೆಬ್ಬೆರಳ ಗುರುತಿನಂತೆ. ಆ ಗೆರೆಗಳನ್ನು ಬರೆದಿಟ್ಟು ಒಂದೊಂದನ್ನೂ ಗುರುತಿಸಿದಳು, ಹೆಸರಿಟ್ಟಳು. 1970ರಲ್ಲಿ ಪೀನಟ್ಸ್ ಎಂದು ಹೆಸರಿಟ್ಟಿದ್ದ ಗಂಡು ಗೊರಿಲ್ಲಾ ಹತ್ತಿರ ಬಂದು ತನ್ನ ಬೆರಳಿಂದ ಆಕೆಯ ಕೈ ಮುಟ್ಟಿತು. ಸಿನಿಮಾಗಳಲ್ಲಿ ಗೊರಿಲ್ಲಾ ಎಂದರೆ ರಾಕ್ಷಸ ಎಂದೇ ನಂಬಿದ್ದ ಜನಕ್ಕೆ, ಅದು ಎಲೆ ತಿಂದು, ಮರಿಗಳನ್ನು ಹೊಟ್ಟೆಯ ಮೇಲೆ ಆಡಿಸಿಕೊಂಡು, ಮಧ್ಯಾಹ್ನ ನಿದ್ದೆ ಮಾಡುವ ಸಂಸಾರಸ್ಥ ಪ್ರಾಣಿಯೆಂದು ತೋರಿಸಿಕೊಟ್ಟವಳು ಡಯಾನ್.

ಇನ್ನು ಸೊಳ್ಳೆ ಬತ್ತಿಯ ವಿಷಯ. ಸೇವಂತಿಗೆ ಜಾತಿಗೆ ಸೇರಿದ ಪೈರೆಥ್ರಮ್ ಎಂಬ ಬಿಳಿ ಹೂವಿದೆ. ಒಣಗಿಸಿ ಪುಡಿ ಮಾಡಿದರೆ ಕೀಟ ಸಾಯುತ್ತದೆ. ಹಿಂದೆ ಸೊಳ್ಳೆ ಬತ್ತಿಗಳನ್ನು ಮಾಡುತ್ತಿದ್ದದ್ದು ಅದರಿಂದಲೇ. ಈಗಿನವು ಅದನ್ನೇ ನೋಡಿ ಕಾರ್ಖಾನೆಯಲ್ಲಿ ತಯಾರಿಸಿದ ರಾಸಾಯನಿಕದವು. ಈ ಹೂವಿಗೆ ತಂಪಾದ ಎತ್ತರದ ನೆಲ ಬೇಕು. 1969ರಲ್ಲಿ ಯೂರೋಪಿನ ನೆರವಿನ ಯೋಜನೆಯೊಂದಕ್ಕಾಗಿ ರುವಾಂಡಾದ ಉದ್ಯಾನದಿಂದ ಸುಮಾರು 22,000 ಎಕರೆ ಕಾಡನ್ನು ಕಡಿದು ಪೈರೆಥ್ರಮ್ ಬೆಳೆಯಲು ಕೊಟ್ಟರು. ಉದ್ಯಾನದ ಸುಮಾರು ಶೇಕಡಾ 40ರಷ್ಟು ಒಂದೇ ಏಟಿಗೆ ಹೋಯಿತು. ಹೋದದ್ದು ಬೆಟ್ಟದ ತಗ್ಗಿನ, ಬೆಚ್ಚಗಿನ, ಬಿದಿರು ಬೆಳೆಯುವ ಕಾಡು. ಉಳಿದದ್ದು ಮೇಲಿನ ಚಳಿ. ಚಳಿಯಲ್ಲಿ ಗೊರಿಲ್ಲಾಗಳಿಗೆ ನ್ಯುಮೋನಿಯಾ ಬರುತ್ತದೆ. ಮುಂದೆ ಕೃತಕ ಕೀಟನಾಶಕ ಬಂದು ಹೂವಿನ ಬೆಲೆ ಬಿತ್ತು. ಆದರೆ ಕಡಿದ ಕಾಡು ಮತ್ತೆ ಬರಲಿಲ್ಲ, ಆಲೂಗಡ್ಡೆ ಹೊಲವಾಯಿತು. ಈಗ ರುವಾಂಡಾದ ಪಾಲಿನ ಉದ್ಯಾನ ಸುಮಾರು 160 ಚದರ ಕಿಲೋಮೀಟರ್. ನಮ್ಮ ಬೊರಿವಲಿಯ ಉದ್ಯಾನ ನೂರು ಚದರ ಕಿಲೋಮೀಟರಿಗೆ ತುಸು ಹೆಚ್ಚು. ಅಂದರೆ ಅದರ ಒಂದೂವರೆ ಪಟ್ಟು, ಅಷ್ಟೇ.

ಆ ಭಾಗ ಓದಿದ ರಾತ್ರಿ ನನಗೆ ಅಪ್ಪಯ್ಯ ನೆನಪಾದರು. ನಮ್ಮ ತವರು ಘಟ್ಟದ ಬುಡದಲ್ಲಿ, ತೋಟದ ಹಿಂದೆ ಕುಮ್ಕಿ, ಅದರ ಹಿಂದೆ ಕಾಡು. ಪ್ರತಿ ಬೇಸಿಗೆಯಲ್ಲೂ ಬೇಲಿ ಹೊಸದು ಮಾಡುವಾಗ ಅಪ್ಪಯ್ಯ ಅದನ್ನು ನಾಲ್ಕು ಹೆಜ್ಜೆ ಆಚೆ ಹಾಕಿಸುತ್ತಿದ್ದರು. ನನ್ನ ಮದುವೆಯ ಖರ್ಚು ಹುಟ್ಟಿದ್ದು ಆ ನಾಲ್ಕು ನಾಲ್ಕು ಹೆಜ್ಜೆಗಳ ಅಡಿಕೆಯಿಂದ. ಆದ್ದರಿಂದ ರುವಾಂಡಾದ ರೈತರ ಮೇಲೆ ನಾನು ಕಲ್ಲೆಸೆಯಲಾರೆ. ಆಫ್ರಿಕಾ ಖಂಡದ ನೆಲದಲ್ಲಿ ಅಷ್ಟು ಒತ್ತಾಗಿ ಜನ ತುಂಬಿದ ದೇಶ ಇನ್ನೊಂದಿಲ್ಲ. ಅವರಿಗೆ ಅದು ಹೊಟ್ಟೆಯ ಪ್ರಶ್ನೆ.

ಡಯಾನ್‌ಗೆ ಈ ಮಾತು ಕೊನೆಯವರೆಗೂ ಅರ್ಥವಾಗಲಿಲ್ಲ, ಅಥವಾ ಆಕೆ ಅರ್ಥ ಮಾಡಿಕೊಳ್ಳಲು ಒಪ್ಪಲಿಲ್ಲ. ಆ ಬೆಟ್ಟದಲ್ಲಿ ತಲೆಮಾರುಗಳಿಂದ ದನ ಮೇಯಿಸುತ್ತಿದ್ದವರಿದ್ದರು. ಸಣ್ಣ ಜಿಂಕೆಗಳಿಗೆಂದು ಉರುಳು ಒಡ್ಡಿ ಹೊಟ್ಟೆ ಹೊರೆಯುವ ಬೇಟೆಗಾರರಿದ್ದರು. ಆ ಉರುಳಿಗೆ ಗೊರಿಲ್ಲಾದ ಕೈಯೋ ಕಾಲೋ ಸಿಕ್ಕಿದರೆ ತಂತಿ ಮಾಂಸಕ್ಕೆ ಇಳಿದು, ಕೊಳೆತು, ಪ್ರಾಣಿ ನರಳಿ ಸಾಯುತ್ತದೆ. ಅವಳು ಕೂಲಿ ಕೊಟ್ಟು ಸ್ಥಳೀಯರನ್ನೇ ಕಾವಲಿಗೆ ಇಟ್ಟಳು. 1979ರ ನಾಲ್ಕೇ ತಿಂಗಳಲ್ಲಿ ಆಕೆಯ ನಾಲ್ವರು ಆಳುಗಳು 987 ಉರುಳುಗಳನ್ನು ಕಿತ್ತರೆಂದು ಶಿಬಿರದ ಲೆಕ್ಕ. ಇಷ್ಟಕ್ಕೇ ನಿಲ್ಲಿಸಿದ್ದರೆ ಕೈ ಮುಗಿಯಬಹುದಿತ್ತು. ಆದರೆ ಸಿಕ್ಕಿಬಿದ್ದ ಬೇಟೆಗಾರರನ್ನು ತುರಿಕೆ ಗಿಡದಿಂದ ಹೊಡೆಸಿದ್ದು, ಮುಖವಾಡ ತೊಟ್ಟು ಮಾಟಗಾತಿಯಂತೆ ಹೆದರಿಸಿದ್ದು, ಒಮ್ಮೆ ಬೇಟೆಗಾರನೊಬ್ಬನ ಮಗುವನ್ನೇ ತಂದು ಒತ್ತೆಯಿಟ್ಟುಕೊಂಡದ್ದು, ಎಲ್ಲವನ್ನೂ ಆಕೆಯ ಜೀವನ ಬರೆದವರು ದಾಖಲಿಸಿದ್ದಾರೆ. ಅಡುಗೆಮನೆಯಲ್ಲಿ ಒಂಟಿಯಾಗಿ ಉಂಡ ಆ ಹುಡುಗಿ ಇನ್ನೊಬ್ಬರ ಮಗುವಿಗೆ ಹೀಗೆ ಮಾಡಿದಳಲ್ಲ ಎಂದು ನನಗೆ ಸಿಟ್ಟು ಬಂದದ್ದು ಇಲ್ಲೇ.

ಆ ಸಿಟ್ಟು ಇಟ್ಟುಕೊಂಡೇ ಡಿಜಿಟ್‌ನ ಕಥೆಯನ್ನೂ ಓದಬೇಕು. ಡಿಜಿಟ್ ಎಂದರೆ ಬೆರಳು. ಒಂದು ಬೆರಳು ಸೊಟ್ಟಗಿದ್ದದ್ದರಿಂದ ಆ ಹೆಸರು. ಮರಿಯಾಗಿದ್ದಾಗಿನಿಂದ ಆಕೆ ನೋಡುತ್ತ ಬಂದದ್ದು. ಗುಂಪಿನಲ್ಲಿ ಅದಕ್ಕೆ ಜೊತೆಗಾರರಿರಲಿಲ್ಲ, ಬಹುಶಃ ಅದಕ್ಕೇ ಈಕೆಯ ಹತ್ತಿರ ಬಂದು ಕೂರುತ್ತಿತ್ತು, ಪೆನ್ನು, ಪುಸ್ತಕ, ಕನ್ನಡಿ ತೆಗೆದು ಮೂಸುತ್ತಿತ್ತು. ಬೆಳೆದು ಗುಂಪಿನ ಕಾವಲುಗಾರನಾಯಿತು. ರುವಾಂಡಾಕ್ಕೆ ಬನ್ನಿ ಎಂದು ಪ್ರವಾಸಿಗರನ್ನು ಕರೆಯುವ ಪೋಸ್ಟರಿನಲ್ಲಿ ಇದ್ದದ್ದೂ ಅದರದೇ ಚಿತ್ರ. 1977ರ ಡಿಸೆಂಬರ್ 31ರಂದು ಆರು ಬೇಟೆಗಾರರು ನಾಯಿಗಳೊಂದಿಗೆ ಬಂದರು. ಡಿಜಿಟ್ ಅಡ್ಡ ನಿಂತಿತು. ಮರಿಗಳೂ ಹೆಣ್ಣುಗಳೂ ಸೇರಿ ಗುಂಪಿನ ಉಳಿದವರೆಲ್ಲ ಪಾರಾದರು. ಡಿಜಿಟ್‌ನ ಮೈಗೆ ಐದು ಕಡೆ ಭರ್ಜಿ ಇಳಿಯಿತು. ತಲೆಯನ್ನೂ ಕೈಗಳನ್ನೂ ಕತ್ತರಿಸಿ ಒಯ್ದರು. ಅಂಥ ವಸ್ತುಗಳನ್ನು ಅಲಂಕಾರಕ್ಕೆಂದು ಕೊಳ್ಳುವ ಪರದೇಶದ ಜನರಿದ್ದರು. ಎರಡು ದಿನದ ನಂತರ ಆಕೆಯ ಜೊತೆ ಕೆಲಸ ಮಾಡುತ್ತಿದ್ದ ಯುವಕನಿಗೆ ದೇಹ ಸಿಕ್ಕಿತು. ಡಯಾನ್ ಅದನ್ನು ಮನೆಯ ಹತ್ತಿರ ತರಿಸಿ ಮಣ್ಣು ಮಾಡಿದಳು. ಅದರ ಹೆಸರಿನಲ್ಲಿ ನಿಧಿ ಶುರು ಮಾಡಿದಳು. ಅಮೆರಿಕದ ಟಿವಿ ವಾರ್ತೆಯಲ್ಲಿ ಒಂದು ಗೊರಿಲ್ಲಾದ ಸಾವಿನ ಸುದ್ದಿ ಬಂತು. 1978ರ ಜುಲೈನಲ್ಲಿ ಅದೇ ಗುಂಪಿನ ಯಜಮಾನ ಅಂಕಲ್ ಬರ್ಟ್ ಮತ್ತು ಮಾಚೋ ಎಂಬ ತಾಯಿಯನ್ನೂ ಕೊಂದರು.

ಹೊರಗಿನಿಂದ ಹಣ ಬಂತು, ಹೊಸ ಸಂಸ್ಥೆಗಳೂ ಬಂದವು. 1979ರಿಂದ ಇನ್ನೊಂದು ತಂಡ ಬೇರೆ ದಾರಿ ಹಿಡಿಯಿತು: ಪ್ರವಾಸಿಗರನ್ನು ಸಣ್ಣ ಗುಂಪುಗಳಲ್ಲಿ ಕರೆದೊಯ್ದು ಗೊರಿಲ್ಲಾ ತೋರಿಸುವುದು, ಅದರ ದುಡ್ಡು ದೇಶಕ್ಕೆ ಬರುವಂತೆ ಮಾಡುವುದು, ಶಾಲೆಗಳಿಗೆ ಹೋಗಿ ಮಕ್ಕಳಿಗೆ ಕಾಡಿನ ವಿಷಯ ಹೇಳುವುದು. ಉದ್ಯಾನದ ಇನ್ನಷ್ಟು ನೆಲವನ್ನು ದನದ ಹುಲ್ಲುಗಾವಲಿಗೆ ಕೊಡುವ ಯೋಜನೆ ಆಗ ಮತ್ತೆ ತಲೆಯೆತ್ತಿತ್ತು. ಡಯಾನ್ ಪ್ರವಾಸೋದ್ಯಮವನ್ನು ಕಂಡರೆ ಉರಿದುಬೀಳುತ್ತಿದ್ದಳು. ಮನುಷ್ಯರ ಶೀತ, ಕೆಮ್ಮು ಅವಕ್ಕೆ ತಗುಲುತ್ತದೆ ಎಂಬ ಆಕೆಯ ಹೆದರಿಕೆ ನಿಜವಾದದ್ದೇ. ಆದರೆ ಜಾಗ ಉಳಿದದ್ದು ಆ ದುಡ್ಡಿನಿಂದ. ಇಬ್ಬರೂ ಸರಿಯಿದ್ದರು, ಇಬ್ಬರೂ ಒಬ್ಬರನ್ನೊಬ್ಬರು ಸಹಿಸಲಿಲ್ಲ. ನಮ್ಮ ಸಂಘಗಳಲ್ಲೂ ಇದನ್ನು ಕಂಡಿದ್ದೇವಲ್ಲ!

1980ರಲ್ಲಿ ಆಕೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಿ ಪುಸ್ತಕ ಬರೆದಳು. ಅದು 1983ರಲ್ಲಿ ಬಂತು, ಚೆನ್ನಾಗಿ ಮಾರಾಟವಾಯಿತು. ಅಲ್ಲೇ ಉಳಿಯಬಹುದಿತ್ತು. ಉಸಿರಾಟದ ತೊಂದರೆ ಇಟ್ಟುಕೊಂಡು, ಮೆಟ್ಟಿಲು ಹತ್ತಲೂ ಏದುಸಿರು ಬಿಡುವವಳು ಮತ್ತೆ ಬೆಟ್ಟಕ್ಕೇ ಬಂದಳು. 1985ರ ಕ್ರಿಸ್ಮಸ್ ಮುಗಿದ ರಾತ್ರಿಗಳಲ್ಲಿ ಒಂದರಂದು, ಡಿಸೆಂಬರ್ 26ರಂದು, ಯಾರೋ ಆಕೆಯ ಗುಡಿಸಲಿನ ತಗಡಿನ ಗೋಡೆ ಕೊಯ್ದು ಒಳಬಂದು ಮಚ್ಚಿನಿಂದ ಕೊಂದರು. ಹಣ ಹಾಗೇ ಇತ್ತು. ರುವಾಂಡಾದ ನ್ಯಾಯಾಲಯ ದೇಶ ಬಿಟ್ಟು ಹೋಗಿದ್ದ ಒಬ್ಬನನ್ನು ಅಪರಾಧಿಯೆಂದಿತು. ನಂಬಿದವರಿಗಿಂತ ನಂಬದವರೇ ಹೆಚ್ಚು. ಆ ಕೊಲೆಯ ಗುಟ್ಟು ಇವತ್ತಿಗೂ ಬಗೆಹರಿದಿಲ್ಲ. ವರ್ಷದ ಕೊನೆಯ ದಿನ ಆಕೆಯನ್ನು ಡಿಜಿಟ್‌ನ ಪಕ್ಕದಲ್ಲೇ ಹೂತರು. ಆಗ ಐವತ್ತನಾಲ್ಕು ತುಂಬಲು ಮೂರೇ ವಾರ ಉಳಿದಿತ್ತು.

1994ರ ನರಮೇಧ ಮತ್ತು ಅದರ ಹಿಂದುಮುಂದಿನ ಯುದ್ಧದಲ್ಲಿ ಕರಿಸೋಕೆಯ ಮನೆಗಳು ನಾಶವಾದವು. ಅಲ್ಲಿ ಕೆಲಸ ಮಾಡುತ್ತಿದ್ದ ರುವಾಂಡಾದ ಜನ, ತಮ್ಮ ಮನೆಮಠವನ್ನೇ ಕಳಕೊಂಡವರು, ಆದಷ್ಟು ಬೇಗ ಬೆಟ್ಟಕ್ಕೆ ಮರಳಿ ಗೊರಿಲ್ಲಾಗಳ ಎಣಿಕೆ ಶುರು ಮಾಡಿದರು. ಡಯಾನ್ ಹೆಸರಿನಷ್ಟು ಅವರ ಹೆಸರು ಯಾರಿಗೂ ಗೊತ್ತಿಲ್ಲ. ಡಿಜಿಟ್ ನಿಧಿಗೆ 1992ರಲ್ಲಿ ಡಯಾನ್‌ಳ ಹೆಸರನ್ನೇ ಇಟ್ಟಿದ್ದರು. ಅದು ಇಂದಿಗೂ ಕೆಲಸ ಮಾಡುತ್ತಿದೆ.

ಆಕೆಯ ಕಾಲದಲ್ಲಿ, 1981ರ ಎಣಿಕೆಯಲ್ಲಿ, ವಿರುಂಗಾದಲ್ಲಿ ಉಳಿದಿದ್ದದ್ದು ಸುಮಾರು 250 ಗೊರಿಲ್ಲಾಗಳು. ಈ ಶತಮಾನ ಕಾಣುವ ಮೊದಲೇ ಅವು ಮುಗಿದುಹೋಗುತ್ತವೆಂದು ಆಕೆ ಹೆದರಿದ್ದಳು. ಇತ್ತೀಚಿನ ಎಣಿಕೆಯಲ್ಲಿ ವಿರುಂಗಾದಲ್ಲಿ 604, ಬ್ವಿಂಡಿಯಲ್ಲಿ 459, ಒಟ್ಟು 1063. 2018ರಲ್ಲಿ ಅವನ್ನು ತೀವ್ರ ಅಪಾಯದ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಿದರು. ರುವಾಂಡಾದಲ್ಲಿ ಈಗ ಒಂದು ಗಂಟೆ ಗೊರಿಲ್ಲಾ ನೋಡಲು 1500 ಡಾಲರ್ ಕೊಡಬೇಕು. ಉದ್ಯಾನಗಳ ಆದಾಯದಲ್ಲಿ ಶೇಕಡಾ 10 ಸುತ್ತಲಿನ ಹಳ್ಳಿಗಳಿಗೆ ಹೋಗುತ್ತದೆ. 2005ರಿಂದ ಪ್ರತಿ ವರ್ಷ ಹೊಸ ಮರಿಗಳಿಗೆ ಊರವರೆಲ್ಲ ಸೇರಿ ನಾಮಕರಣ ಮಾಡುತ್ತಾರೆ. ಅದಕ್ಕೆ ಕ್ವಿಟಾ ಇಜಿನಾ ಎಂದು ಹೆಸರು. ಮಕ್ಕಳಿಗೆ ಹೆಸರಿಡುವ ಅವರ ಹಳೆಯ ಪದ್ಧತಿಯೇ ಅದು.

ಸಂಖ್ಯೆ ಹೆಚ್ಚಿತು, ಜಾಗ ಹೆಚ್ಚಲಿಲ್ಲ. ಗುಂಪುಗಳು ಒಂದಕ್ಕೊಂದು ಎದುರಾಗುವುದು ಹೆಚ್ಚಾಗಿ, ಕಾದಾಟದಲ್ಲಿ ಮರಿಗಳು ಸಾಯುತ್ತಿವೆ ಎಂದು ಅಲ್ಲಿನ ಸಂಶೋಧಕರು ಬರೆದಿದ್ದಾರೆ. ಅದಕ್ಕೇ ಈಗ ಉದ್ಯಾನವನ್ನು ಹಿಗ್ಗಿಸುವ ಮಾತು. 2018ರ ಜನವರಿಯಲ್ಲಿ ವನ್ಯಜೀವಿ ಸಂಸ್ಥೆಯೊಂದು ಅಂಚಿನ 27 ಹೆಕ್ಟೇರಿಗೂ ಹೆಚ್ಚಿನ ನೆಲವನ್ನು ಕೊಂಡು ರುವಾಂಡಾ ಸರ್ಕಾರಕ್ಕೆ ಬಿಟ್ಟುಕೊಟ್ಟಿತು. ಇನ್ನು ಮುಂದೆ ಸುಮಾರು ಕಾಲು ಭಾಗದಷ್ಟು ಕಾಡನ್ನು ಮರಳಿ ಬೆಳೆಸುವ ಯೋಜನೆಯಿದೆ. ಅಲ್ಲಿ ಉಳುತ್ತಿರುವ ಸಂಸಾರಗಳಿಗೆ ಬೇರೆ ಮನೆ, ಬೇರೆ ಬದುಕು ಕಟ್ಟಿಕೊಡಬೇಕು. ಪೈರೆಥ್ರಮ್ಮಿಗೆಂದು ಕಾಡು ಕಡಿದು ಕೂರಿಸಿದವರ ಮೊಮ್ಮಕ್ಕಳೂ ಅವರಲ್ಲಿರಬಹುದು. ಅವರು ಎದ್ದು ಹೋಗುವಾಗ ಏನನಿಸುತ್ತದೋ. ಅಪ್ಪಯ್ಯನಿಗೆ ಯಾರಾದರೂ ಬಂದು ಬೇಲಿಯನ್ನು ಹಿಂದಕ್ಕೆ ಹಾಕಿ ಎಂದಿದ್ದರೆ ಏನು ಮಾಡುತ್ತಿದ್ದರೆಂದು ನನಗಂತೂ ಗೊತ್ತು.

ಗೊರಿಲ್ಲಾಗಳು ಈ ಯೋಜನೆಗಾಗಿ ಕಾಯುತ್ತಿಲ್ಲ. ಉದ್ಯಾನದ ಅಂಚಿಗೆ ಕಾಡೆಮ್ಮೆಗಳನ್ನು ತಡೆಯಲು ಕಲ್ಲಿನ ಗೋಡೆ ಕಟ್ಟಿದ್ದಾರೆ. ಕೆಲವು ಗುಂಪುಗಳು ಅದನ್ನು ಹತ್ತಿ ಇಳಿದು ರೈತರ ನೆಲಕ್ಕೆ ಬರುತ್ತವೆ. ಅಲ್ಲಿ ನೆಟ್ಟ ನೀಲಗಿರಿ ಮರಗಳ ತೊಗಟೆ ಸುಲಿದು ತಿಂದು, ಮಧ್ಯಾಹ್ನ ಹೊಲದ ಬದುವಿನಲ್ಲಿ ಮಲಗಿ, ಸಂಜೆಗೆ ಗೋಡೆ ಹತ್ತಿ ವಾಪಸು ಹೋಗುತ್ತವೆ. ಕಾವಲಿನವರು ಗದರದೆ ಹಿಂದೆ ಹಿಂದೆ ನಡೆದು ಅವನ್ನು ಮೇಲಕ್ಕೆ ಕಳಿಸಿ ಬರುತ್ತಾರೆ.